ಪೂಲ್ ನೀರು ಹಸಿರಾಯ್ತಾ? ಚೆಲ್ಲೋ ಮುಂಚೆ ಈ ಲೆಕ್ಕ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ವಿಷಯ ಕೇಳಿ ನಗಬೇಡಿ. ಮನೆ ಸ್ವಿಮ್ಮಿಂಗ್ ಪೂಲ್ ಕ್ಲೀನಾಗಿ ಇಟ್ಕೊಳ್ಳೋದು ಹೇಗೆ? "ಮಲ್ಲತ್ತಹಳ್ಳಿಯ 30x40 ಸೈಟಲ್ಲಿ ಬೈಕ್ ನಿಲ್ಸೋಕೇ ಜಾಗ ಇಲ್ಲ, ಪೂಲ್ ಎಲ್ಲಿಂದ ತಂದೆ ಗುರು?" ಅಂತೀರಿ. ನಿಜ. ಟೈಲ್ಸ್ ಹಾಕಿದ ಪೂಲ್ ಇರೋ ಮನೆ ನಮ್ಮ ಏರಿಯಾದಲ್ಲಿ ಹುಡುಕಬೇಕು. ಆದ್ರೆ ಆನ್‌ಲೈನಲ್ಲಿ ಸಿಗೋ ಫ್ರೇಮ್ ಪೂಲ್ ಇದೆಯಲ್ಲ, ಕಬ್ಬಿಣದ ಪೈಪ್ ಜೋಡಿಸಿ, ದಪ್ಪ ಪ್ಲಾಸ್ಟಿಕ್ ಶೀಟ್ ಕಟ್ಟಿ ನೀರು ತುಂಬ್ಸೋದು, ಅದು ಬೇಸಿಗೆ ರಜೆ ಬಂದ್ರೆ ಸಾಕು, ತಾರಸಿಗಳ ಮೇಲೆ ಕಾಣಿಸ್ಕೊಳ್ಳುತ್ತೆ. ಜೊತೆಗೆ ಉಲ್ಲಾಳ, ಕೆಂಗೇರಿ, ನಾಗರಬಾವಿ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಪೂಲ್ ಇರೋದೂ ಈಗ ಮಾಮೂಲು. ನೀವು ಅಲ್ಲಿ ಬಾಡಿಗೆಗಿದ್ರೂ ಮೇಂಟೆನೆನ್ಸ್ ಬಿಲ್‌ನಲ್ಲಿ ಅದರ ಖರ್ಚು ನಿಮ್ಮದೂ ಹೌದು.

ನನ್ನ ಕಥೆ ಇಷ್ಟು. ಹೋದ ಬೇಸಿಗೆಯಲ್ಲಿ ಅಕ್ಕನ ಮಕ್ಕಳು ರಜೆಗೆ ಬಂದಿದ್ರು. ಭಾವ ಒಂದು ಫ್ರೇಮ್ ಪೂಲ್ ಆರ್ಡರ್ ಮಾಡಿದ್ರು. 3 ಮೀಟರ್ ಉದ್ದ, 2 ಮೀಟರ್ ಅಗಲ. ತಾರಸಿ ಮೇಲೆ ಜೋಡಿಸಿ, ಸಂಪಿನ ಮೋಟಾರ್ ಹಾಕಿ ತುಂಬಿಸಿದ್ವಿ. ಮೊದಲ ದಿನ ಹಬ್ಬ. ನಾಲ್ಕನೇ ದಿನ ನೀರು ತಿಳಿ ಹಸಿರು, ಗೋಡೆ ಮುಟ್ಟಿದ್ರೆ ಲೋಳೆ. ಏನ್ ಮಾಡಿದ್ವಿ? ಪೂರ್ತಿ ಚೆಲ್ಲಿ ಟ್ಯಾಂಕರ್ ತರಿಸಿದ್ವಿ. ಮುಂದಿನ ವಾರ ಮತ್ತೆ ಅದೇ ಕಥೆ.

ಅಷ್ಟರಲ್ಲಿ ಅಕ್ಕನ ಚಿಕ್ಕ ಮಗಳಿಗೆ ಕಿವಿ ನೋವು ಶುರುವಾಯ್ತು. ಡಾಕ್ಟರ್ ನೋಡಿ ಕೇಳಿದ್ರು: "ಪೂಲಿಗೆ ಇಳೀತಾಳಾ? ನೀರಿಗೆ ಏನ್ ಹಾಕ್ತೀರಿ?" ನಾನು ಹೆಮ್ಮೆಯಿಂದ "ಏನೂ ಹಾಕಲ್ಲ ಸಾರ್, ಫ್ರೆಶ್ ನೀರು" ಅಂದೆ. ಅವರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ಏನೂ ಹಾಕದ ನೀರೇ ತೊಂದರೆ ಅಂತ ನನಗೆ ಗೊತ್ತಾಗಿದ್ದು ಆವತ್ತು. ನೀರು ಬದಲಾಯಿಸ್ತಾ ಹೋಗೋದನ್ನ ನಾವು ಕ್ಲೀನಿಂಗ್ ಅಂದ್ಕೊಂಡಿದ್ವಿ. ಪೂಲ್ ನೋಡಿಕೊಳ್ಳೋದು ಅಂದ್ರೆ ಇರೋ ನೀರನ್ನೇ ದಿನಾ ಸರಿಯಾಗಿ ಇಟ್ಕೊಳ್ಳೋದು. ಅದು ಹೇಗೆ ಅನ್ನೋದೇ ಈ ಸಂಚಿಕೆ.

ಮೊದಲು ಭಾರದ ಮಾತು

ಕ್ಲೀನಿಂಗ್‌ಗಿಂತ ಮುಂಚೆ ಇದನ್ನ ಹೇಳ್ಲೇಬೇಕು. ಎರಡನೇ ಸಲ ನೀರು ತುಂಬಿಸ್ತಿದ್ದಾಗ ಪಕ್ಕದ ಮನೆಯ ಮೇಸ್ತ್ರಿ ಅಂಕಲ್ ಕೆಳಗಿಂದಲೇ ಕೂಗಿದ್ರು: "ಯಾರಪ್ಪಾ ಅದು, ಮಹಡಿ ಮೇಲೆ ಲೋಡ್ ಲಾರಿ ನಿಲ್ಸಿರೋದು?"

ತಮಾಷೆ ಅಂದ್ಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಒಂದು ಘನ ಮೀಟರ್ ನೀರು ಅಂದ್ರೆ 1,000 ಲೀಟರ್, ತೂಕ 1,000 ಕೆ.ಜಿ. ನಮ್ಮ ಪೂಲಲ್ಲಿ 60 ಸೆಂ.ಮೀ. ನೀರು ನಿಲ್ತಿತ್ತು. 3 x 2 x 0.6, ಅಂದ್ರೆ 3,600 ಲೀಟರ್. ಮೂರೂವರೆ ಟನ್‌ಗಿಂತ ಜಾಸ್ತಿ! ಪ್ರತಿ ಚದರ ಮೀಟರ್ ಮೇಲೆ 600 ಕೆ.ಜಿ. ಭಾರ. ಕಟ್ಟಡಗಳ ಭಾರಕ್ಕೆ ಸಂಬಂಧಿಸಿದ ಭಾರತೀಯ ಮಾನದಂಡ ಐಎಸ್ 875 ಪ್ರಕಾರ, ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ಬಳಕೆಯ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ನಾವು ಇಟ್ಟಿದ್ದು ಅದರ ನಾಲ್ಕು ಪಟ್ಟು. ಅದರ ಮೇಲೆ ಮಕ್ಕಳ ಕುಣಿತ ಬೇರೆ.

"ಓವರ್‌ಹೆಡ್ ಟ್ಯಾಂಕ್ ಮೇಲೇ ಇರುತ್ತಲ್ಲ?" ಅಂತ ಕೇಳಬಹುದು. ಅದನ್ನ ಕೂರಿಸೋದು ಕಂಬ, ಬೀಮ್‌ಗಳಿರೋ ಜಾಗ ನೋಡಿ. ಪೂಲ್ ಕೂರೋದು ಸ್ಲ್ಯಾಬಿನ ನಟ್ಟನಡುವೆ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಒಪ್ಪದೆ ತಾರಸಿ ಮೇಲೆ ಪೂಲ್ ಬೇಡವೇ ಬೇಡ. ಪಾರ್ಕಿಂಗ್ ಜಾಗದಲ್ಲಿ ಇಡೋದಾದ್ರೆ ಇನ್ನೊಂದು ವಿಷಯ. ನಮ್ಮ ಊರಿನ ಬಹುಪಾಲು ಮನೆಗಳಲ್ಲಿ ಸಂಪ್ ಇರೋದು ಅಲ್ಲೇ ಕೆಳಗೆ. ಸಂಪಿನ ಸ್ಲ್ಯಾಬ್ ಮೇಲೂ ಇಡಬೇಡಿ. ಮೇಸ್ತ್ರಿ ಅಂಕಲ್ ಬಂದು ಸಂಪ್ ಎಲ್ಲಿ ಮುಗಿಯುತ್ತೆ ಅಂತ ತೋರಿಸಿದ ಮೇಲೆ, ಮಣ್ಣು ಗಟ್ಟಿಯಾಗಿರೋ ಕಡೆ ಪೂಲ್ ಇಳಿಸಿದ್ವಿ. ಬೈಕ್‌ಗಳು ಆ ತಿಂಗಳು ರಸ್ತೇಲಿ ನಿಂತವು.

ಒಂದು ಸಲ ಚೆಲ್ಲಿದ್ರೆ ಎಷ್ಟು?

ನಾನು ಬಿ.ಕಾಂ. ಓದಿದವನು, ಲೆಕ್ಕ ಬಿಟ್ಟು ಮುಂದೆ ಹೋಗೋಕಾಗಲ್ಲ. ನಗರ ನೀರು ಪೂರೈಕೆಯಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ನಮ್ಮ ದೇಶದಲ್ಲಿ ಬಳಸುವ ಮಾನದಂಡ. 3,600 ಲೀಟರ್ ಅಂದ್ರೆ ಒಬ್ಬ ಮನುಷ್ಯನ ಸುಮಾರು 27 ದಿನದ ನೀರು. ಕಟ್ಟಿಸಿದ ಸಣ್ಣ ಪೂಲ್ ತಗೊಳ್ಳಿ: 6 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಆಳ. ಅದು 21,600 ಲೀಟರ್. ನಾಲ್ಕು ಜನರ ಕುಟುಂಬಕ್ಕೆ ಸರಿಯಾಗಿ 40 ದಿನದ ನೀರು.

2024ರ ಬೇಸಿಗೆ ಯಾರೂ ಮರೆತಿಲ್ಲ. ಆ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತ್ತು. 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಅದೇ ತಿಂಗಳು ಜಲಮಂಡಳಿ ಕಾರು ತೊಳೆಯೋದು, ಗಾರ್ಡನ್, ಕಟ್ಟಡ ನಿರ್ಮಾಣಕ್ಕೆ ಕುಡಿಯುವ ನೀರು ಬಳಸುವಂತಿಲ್ಲ ಎಂದು ಆದೇಶ ಹೊರಡಿಸಿತು. ಈಜುಕೊಳಗಳಿಗೂ ಕುಡಿಯುವ ನೀರು ನಿಷೇಧವಾಯಿತು. ದಂಡ 5,000 ರೂಪಾಯಿ, ಮತ್ತೆ ತಪ್ಪು ಮಾಡಿದ್ರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. 2025ರ ಫೆಬ್ರವರಿಯಲ್ಲೂ ಕುಡಿಯುವ ನೀರನ್ನು ಬೇರೆ ಕೆಲಸಕ್ಕೆ ಬಳಸಬಾರದು ಅಂತ ಜಲಮಂಡಳಿ ಮತ್ತೆ ಆದೇಶ ಮಾಡಿತು. ಹಾಗಾಗಿ ಪೂಲ್ ತುಂಬಿಸೋ ಮುಂಚೆ ಆ ವರ್ಷದ ಆದೇಶ ಏನಿದೆ ನೋಡಿ.

ದಂಡದ ಮಾತು ಬಿಡಿ. ಕಾವೇರಿ ನೀರು ಬರೋದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರ್ತಾರೆ. ಅದನ್ನ ನಾಲ್ಕು ದಿನಕ್ಕೆ ಮೋರಿಗೆ ಬಿಡೋದು ಯಾವ ನ್ಯಾಯ? ನಮ್ಮ ಬುಕ್ ಕೀಪಿಂಗ್ ಮೇಷ್ಟ್ರ ಭಾಷೇಲಿ ಹೇಳಬೇಕು ಅಂದ್ರೆ ಪೂಲ್ ನೀರು ಬಂಡವಾಳ, ದಿನದ ಖರ್ಚಲ್ಲ. ಸರಿಯಾಗಿ ನೋಡ್ಕೊಂಡ್ರೆ ಕಟ್ಟಿಸಿದ ಪೂಲಿನ ನೀರನ್ನ ವರ್ಷಗಟ್ಟಲೆ ಪೂರ್ತಿ ಬದಲಿಸದೆ ಬಳಸಬಹುದು.

ನೀರು ಹಸಿರಾಗೋದು ಯಾಕೆ?

ಹಸಿರು ಅಂದ್ರೆ ಪಾಚಿ. ಬಿಸಿಲು, ಬೆಚ್ಚಗಿನ ನೀರು, ಮೈಯಿಂದ ಬಂದ ಬೆವರು, ಎಣ್ಣೆ, ಗಾಳಿಯಲ್ಲಿ ಬಂದ ಧೂಳು, ಎಲೆ. ಪಾಚಿಗೆ ಇಷ್ಟು ಸಾಕು. ಇದನ್ನ ತಡೆಯೋಕೆ ಮೂರು ಕೆಲಸ ಒಟ್ಟಿಗೆ ಆಗಬೇಕು.

ಒಂದು, ನೀರು ಓಡಾಡ್ತಾ ಇರಬೇಕು. ಪಂಪ್ ಮಾಡೋದು ಅದನ್ನ.
ಎರಡು, ಕಣ್ಣಿಗೆ ಕಾಣೋ ಕೊಳೆ ಹೊರಗೆ ಹೋಗಬೇಕು. ಫಿಲ್ಟರ್, ಬಲೆ, ಬ್ರಷ್‌ನ ಕೆಲಸ ಅದು.
ಮೂರು, ಕಣ್ಣಿಗೆ ಕಾಣದ ರೋಗಾಣು ಸಾಯಬೇಕು. ಅದು ಕ್ಲೋರಿನ್ ಕೆಲಸ.

ಇದರಲ್ಲಿ ಒಂದು ನಿಂತ್ರೂ ಉಳಿದೆರಡು ಸೋಲುತ್ತವೆ. ಫಿಲ್ಟರ್ ಇದ್ದು ಕ್ಲೋರಿನ್ ಇಲ್ಲದ ನೀರು ಗಾಜಿನಂಗೆ ಕಾಣಬಹುದು. ಆದ್ರೆ ಸೇಫ್ ಅಲ್ಲ.

ಕ್ಲೋರಿನ್‌ನ ಬಲ ಪಿಎಚ್ ಕೈಯಲ್ಲಿ

ನೀರಲ್ಲಿ ಕ್ಲೋರಿನ್ 1ರಿಂದ 3 ಪಿಪಿಎಂ ಇರಬೇಕು. ಪಿಪಿಎಂ ಅಂದ್ರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಸುಲಭವಾಗಿ ನೆನಪಿಡಿ: 1,000 ಲೀಟರ್ ನೀರಿಗೆ 1 ಗ್ರಾಂ ಕ್ಲೋರಿನ್ ಅಂದ್ರೆ 1 ಪಿಪಿಎಂ.

ಪಿಎಚ್ ಅಂದ್ರೆ ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ. 7 ಮಧ್ಯ. ಪೂಲಿಗೆ 7.2ರಿಂದ 7.6 ಚೆನ್ನಾಗಿರುತ್ತೆ, 7.8 ದಾಟಬಾರದು. ಯಾಕೆ? ಕ್ಲೋರಿನ್ ನೀರಿಗೆ ಬಿದ್ದಾಗ ಎರಡು ರೂಪ ತಾಳುತ್ತದೆ. ಒಂದು ರೂಪ ರೋಗಾಣು ಕೊಲ್ಲೋದ್ರಲ್ಲಿ ಚುರುಕು, ಇನ್ನೊಂದು ತೀರಾ ನಿಧಾನ. ಪಿಎಚ್ 7.5ರಲ್ಲಿ ಸುಮಾರು ಅರ್ಧದಷ್ಟು ಚುರುಕು ರೂಪದಲ್ಲಿರುತ್ತದೆ. ಪಿಎಚ್ 8 ಆದ್ರೆ ಅದು ಕಾಲು ಭಾಗಕ್ಕೆ ಇಳಿಯುತ್ತೆ. ಅಂದ್ರೆ ನೀವು ಹಾಕಿದ ಕ್ಲೋರಿನ್ ಅಷ್ಟೇ ಇದ್ರೂ ಕೆಲಸ ಮಾಡೋದು ಅರ್ಧ. "ಎಷ್ಟು ಹಾಕಿದ್ರೂ ಹಸಿರು ಹೋಗ್ತಿಲ್ಲ" ಅನ್ನೋರು ಮೊದಲು ಪಿಎಚ್ ನೋಡಬೇಕು.

ಇನ್ನೊಂದು ತಪ್ಪು ತಿಳಿವಳಿಕೆ. ಪೂಲ್ ಹತ್ರ ಮೂಗಿಗೆ ಹೊಡೆಯೋ ವಾಸನೆ ಬಂದ್ರೆ "ಕ್ಲೋರಿನ್ ಜಾಸ್ತಿ ಹಾಕಿದಾರೆ" ಅಂತೀವಿ. ಸಾಮಾನ್ಯವಾಗಿ ಅದು ಉಲ್ಟಾ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಕ್ಲೋರಮೈನ್ ಅನ್ನೋ ವಸ್ತು ಆಗುತ್ತೆ. ಮೂಗಿಗೆ ಹೊಡೆಯೋದು, ಕಣ್ಣು ಕೆಂಪು ಮಾಡೋದು ಅದೇ. ಅಂದ್ರೆ ನೀರಲ್ಲಿ ಕೊಳೆ ಜಾಸ್ತಿ, ಕೆಲಸಕ್ಕೆ ಉಳಿದ ಕ್ಲೋರಿನ್ ಕಮ್ಮಿ. ಇಳಿಯೋ ಮುಂಚೆ ಒಂದು ನಿಮಿಷ ಸ್ನಾನ ಮಾಡಿ, ಟಾಯ್ಲೆಟ್‌ಗೆ ಹೋಗಿ ಬಂದ್ರೆ ಕ್ಲೋರಿನ್ ಖರ್ಚು ತಾನೇ ಕಮ್ಮಿಯಾಗುತ್ತೆ.

ಎರಡನ್ನೂ ಅಳೆಯೋಕೆ ಸಣ್ಣ ಟೆಸ್ಟ್ ಕಿಟ್ ಸಿಗುತ್ತೆ. ಎರಡು ಪುಟ್ಟ ಕೊಳವೆಗೆ ನೀರು ತುಂಬಿ ಹನಿ ಹಾಕೋದು. ಸಾಮಾನ್ಯ ಕಿಟ್‌ನಲ್ಲಿ ಹಳದಿ ಬಣ್ಣ ಕ್ಲೋರಿನ್ ತೋರಿಸುತ್ತೆ, ಕೆಂಪು ಬಣ್ಣ ಪಿಎಚ್ ತೋರಿಸುತ್ತೆ. ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ನೋಡಿ. ಎರಡು ನಿಮಿಷದ ಕೆಲಸ. ಪೂಲ್ ಬಳಸೋ ದಿನ ಮಕ್ಕಳು ಇಳಿಯೋ ಮುಂಚೆ ಮಾಡಿ.

ಎಷ್ಟು ಹಾಕೋದು?

ಪೂಲಿಗೆ ಸಿಗೋ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯಲ್ಲಿ ಸಾಮಾನ್ಯವಾಗಿ 65ರಿಂದ 70 ಶೇಕಡಾ ಕ್ಲೋರಿನ್ ಇರುತ್ತೆ. ಡಬ್ಬದ ಮೇಲೆ ಓದಿ. ನಮ್ಮ 3,600 ಲೀಟರಿಗೆ 2 ಪಿಪಿಎಂ ಬೇಕು ಅಂದ್ರೆ 7.2 ಗ್ರಾಂ ಕ್ಲೋರಿನ್, ಅಂದ್ರೆ 65 ಶೇಕಡಾ ಪುಡಿ ಸುಮಾರು 11 ಗ್ರಾಂ. 21,600 ಲೀಟರಿನ ಪೂಲಿಗೆ ಸುಮಾರು 66 ಗ್ರಾಂ. ಅಡುಗೆಮನೆ ಚಮಚದ ಅಂದಾಜು ಬೇಡ, ಸಣ್ಣ ತೂಕದ ಯಂತ್ರ ಇದಕ್ಕೇ ಅಂತ ಬೇರೆ ಇಟ್ಕೊಳ್ಳಿ. ನಾವು ನೀರು ಚೆಲ್ಲಿ ಟ್ಯಾಂಕರ್ ತರಿಸಿದ ದುಡ್ಡಿನ ಮುಂದೆ ಒಂದು ದಿನದ ಈ ಪುಡಿಯ ಖರ್ಚು ಒಂದು ಟೀ ಬೆಲೆಗಿಂತ ಕಡಿಮೆ.

ಮಾಮೂಲು ಬ್ಲೀಚಿಂಗ್ ಪೌಡರ್ ಹಾಕಬಹುದಾ? ಅದರಲ್ಲಿ ಕ್ಲೋರಿನ್ ಅರ್ಧದಷ್ಟೇ, ಜೊತೆಗೆ ಸುಣ್ಣ ತಳಕ್ಕೆ ಕೂರುತ್ತೆ. ತೆರೆದಿಟ್ಟ ಪ್ಯಾಕೆಟ್ ಆದ್ರೆ ಶಕ್ತಿಯೂ ಹೋಗಿರುತ್ತೆ.

ಹಾಕೋ ಹೊತ್ತು ಸಂಜೆ. ಬಿಸಿಲು ಕ್ಲೋರಿನ್ ಅನ್ನು ಬೇಗ ಒಡೆಯುತ್ತೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಹೆಸರಿಗಷ್ಟೇ ಉಳಿಯುತ್ತೆ. ಇದನ್ನ ತಡೆಯೋಕೆ ಸಯನೂರಿಕ್ ಆಸಿಡ್ ಅನ್ನೋ ಸ್ಟೆಬಿಲೈಜರ್ ಬಳಸ್ತಾರೆ. ನಿಧಾನಕ್ಕೆ ಕರಗೋ ದೊಡ್ಡ ಬಿಳಿ ಮಾತ್ರೆಗಳಲ್ಲಿ ಅದು ಸೇರೇ ಇರುತ್ತೆ. ಮಾತ್ರೆ ಸುಲಭ ಅಂತ ತಿಂಗಳುಗಟ್ಟಲೆ ಹಾಕ್ತಾ ಹೋದ್ರೆ ಸ್ಟೆಬಿಲೈಜರ್ ನೀರಲ್ಲಿ ಏರ್ತಾ ಹೋಗಿ ಕ್ಲೋರಿನ್ ಕೈಯನ್ನೇ ಕಟ್ಟಿಹಾಕುತ್ತೆ. ಆಗ ಒಂದಿಷ್ಟು ನೀರು ತೆಗೆದು ಹೊಸ ನೀರು ಸೇರಿಸೋದೇ ದಾರಿ. ಅಪಾರ್ಟ್‌ಮೆಂಟ್ ಕಮಿಟಿಯವರು ಈ ಒಂದು ಅಂಕಿ ಕೇಳಿ: 30ರಿಂದ 50 ಪಿಪಿಎಂ ಇದ್ರೆ ಸಾಕು.

ಜೀವಕ್ಕೆ ಸಂಬಂಧಿಸಿದ ನಿಯಮಗಳು

ಈ ಭಾಗ ಫಾರ್ವರ್ಡ್ ಮಾಡಿ ಕೇಳಬೇಡಿ.

ಪುಡಿಯನ್ನ ಬಕೆಟ್ ನೀರಿಗೆ ಹಾಕಿ ಕರಗಿಸಿ, ಪುಡಿ ಮೇಲೆ ನೀರು ಸುರಿಯಬೇಡಿ. ಪಿಎಚ್ ಇಳಿಸೋ ಆಸಿಡ್ ಕೂಡ ಹಾಗೇ: ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ. ಕ್ಲೋರಿನ್ ಪುಡಿ ಮತ್ತು ಆಸಿಡ್ ಯಾವತ್ತೂ ಒಂದೇ ಬಕೆಟ್, ಒಂದೇ ಮಗ್ ಮುಟ್ಟಬಾರದು. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಶ್ವಾಸಕೋಶ ಸುಡುತ್ತೆ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯನ್ನ ಸ್ಟೆಬಿಲೈಜರ್ ಇರೋ ಮಾತ್ರೆ ಜೊತೆ ಬೆರೆಸಿದ್ರೆ ಬೆಂಕಿಯೇ ಹತ್ತಬಹುದು, ಸಿಡಿಯಬಹುದು. ಬೇರೆ ಬೇರೆ ಡಬ್ಬ, ಬೇರೆ ಬೇರೆ ಕಪಾಟು, ಮಕ್ಕಳ ಕೈಗೆ ಸಿಗದ ಕಡೆ. ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ.

ಕರೆಂಟ್. 2023ರ ಡಿಸೆಂಬರ್‌ನಲ್ಲಿ ವರ್ತೂರು ಕಡೆಯ ಅಪಾರ್ಟ್‌ಮೆಂಟ್ ಒಂದರ ಪೂಲಿನಲ್ಲಿ ಪುಟ್ಟ ಹುಡುಗಿಯೊಬ್ಬಳು ತೀರಿಕೊಂಡಳು. ವಿದ್ಯುತ್ ತಗುಲಿದ ಪ್ರಕರಣವಾಗಿ ಪೊಲೀಸರು ಅದರ ತನಿಖೆ ಮಾಡಿದರು. ಪಂಪ್, ಲೈಟ್ ಇರೋ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲೇಬೇಕು. ನೀರಿಗೆ ಕರೆಂಟ್ ಸೋರಿದ ಕ್ಷಣ ಲೈನ್ ಕಟ್ ಮಾಡೋ ಸ್ವಿಚ್ ಅದು. ಅದರ ಟೆಸ್ಟ್ ಬಟನ್ ಒತ್ತಿ ಆಗಾಗ ಪರೀಕ್ಷಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಫ್ರೇಮ್ ಪೂಲ್ ಪಂಪ್ ಹಾಕೋರಿಗೆ ನನ್ನ ಮಾತು ಒಂದೇ: ಮಕ್ಕಳು ನೀರಲ್ಲಿದ್ದಾಗ ಪಂಪ್ ಪ್ಲಗ್ ಗೋಡೆಯಿಂದ ಹೊರಗಿರಲಿ.

ಮುಳುಗೋದು. 60 ಸೆಂ.ಮೀ. ನೀರು ಪುಟ್ಟ ಮಗುವಿಗೆ ಆಳವೇ. ನೀರಿನ ಪಕ್ಕ ಒಬ್ಬ ದೊಡ್ಡವರು ಇರಲೇಬೇಕು, ಫೋನ್ ನೋಡದೆ. ಮುಗಿದ ಮೇಲೆ ಏಣಿ ತೆಗೆದು ಒಳಗಿಡಿ. ಪೂಲ್ ಮೇಲೆ ಹಾಸಿದ ಶೀಟ್ ಮಗುವಿನ ಭಾರ ತಡೆಯಲ್ಲ, ಅದನ್ನ ಬಾಗಿಲು ಅಂದ್ಕೋಬೇಡಿ.

ವಾರದ ಕೆಲಸದ ಪಟ್ಟಿ

ಕಟ್ಟಿಸಿದ ಪೂಲಿನಲ್ಲಿ ಸಾಮಾನ್ಯವಾಗಿ ಇರೋದು ಮರಳಿನ ಫಿಲ್ಟರ್. ದಿನಕ್ಕೆ 6ರಿಂದ 8 ಗಂಟೆ ಪಂಪ್ ಓಡಬೇಕು. ಬಲೆಯಿಂದ ಎಲೆ ತೆಗೆಯೋದು ದಿನಾ. ಗೋಡೆ, ಮೆಟ್ಟಿಲು, ಮೂಲೆ ಬ್ರಷ್ ಮಾಡೋದು ವಾರಕ್ಕೆ ಎರಡು ಸಲ. ಪಾಚಿ ಮೊದಲು ಹಿಡಿಯೋದು ಮೆಟ್ಟಿಲ ಕೆಳಗೆ, ಏಣಿ ಹಿಂದೆ, ನೀರು ಓಡಾಡದ ಕಡೆ. ಆಮೇಲೆ ತಳದ ಕೊಳೆಯನ್ನು ವ್ಯಾಕ್ಯೂಮ್ ಪೈಪಿನಿಂದ ಎಳೀಬೇಕು.

ಫಿಲ್ಟರ್ ಮೇಲೆ ಪ್ರೆಷರ್ ತೋರಿಸೋ ಮುಳ್ಳು ಇರುತ್ತೆ. ಕ್ಲೀನ್ ಇದ್ದಾಗ ಎಷ್ಟಿತ್ತು ಅಂತ ಮಾರ್ಕರ್‌ನಲ್ಲಿ ಬರೆದಿಡಿ. ಅದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿ, ಅಂದ್ರೆ ನೀರನ್ನ ಉಲ್ಟಾ ಹರಿಸಿ ಮರಳು ತೊಳೆಯೋದು. "ಪ್ರತಿ ಸೋಮವಾರ ಬ್ಯಾಕ್‌ವಾಶ್" ಅಂತ ರೂಢಿ ಮಾಡ್ಕೊಂಡಿರೋ ಕಡೆ ಅಗತ್ಯ ಇಲ್ಲದಿದ್ರೂ ಪ್ರತಿ ಸಲ ನೂರಾರು ಲೀಟರ್ ಹೋಗ್ತಿರುತ್ತೆ. ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಹೇಗೆ ಅಂತ ಕೇಳಿ ನೋಡಿ. ಫ್ರೇಮ್ ಪೂಲಿನ ಜೊತೆ ಬರೋದು ಕಾಗದದಂಥ ಮಡಿಕೆಗಳ ಕಾರ್ಟ್ರಿಡ್ಜ್. ಮಡಿಕೆ ಬಿಡಿಸಿ ಪೈಪ್ ನೀರಲ್ಲಿ ಎರಡು ದಿನಕ್ಕೊಮ್ಮೆ ತೊಳೀರಿ. ಬಣ್ಣ ಕಂದಾಗಿ ಮೆತ್ತಗಾದ್ರೆ ಬದಲಿಸಿ.

ರಾತ್ರಿ ಮತ್ತು ಬಳಸದ ಹೊತ್ತಲ್ಲಿ ಮುಚ್ಚಿಡಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದ್ರೂ 6 x 3 ಮೀಟರ್ ಪೂಲಿನಲ್ಲಿ ಅದು 90 ಲೀಟರ್. ಮುಚ್ಚಿದ್ರೆ ಅದರಲ್ಲಿ ಬಹುಪಾಲು ಉಳಿಯುತ್ತೆ, ಕ್ಲೋರಿನ್ನೂ ಉಳಿಯುತ್ತೆ. ನೀರು ಅದಕ್ಕಿಂತ ಜಾಸ್ತಿ ಇಳೀತಿದೆ ಅನಿಸಿದ್ರೆ ಬಕೆಟ್ ಪರೀಕ್ಷೆ ಮಾಡಿ. ಪೂಲಿನ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಡಿ. ಬಕೆಟ್ ಒಳಗಿನ ಮಟ್ಟ, ಹೊರಗಿನ ಮಟ್ಟ ಎರಡಕ್ಕೂ ಗುರುತು ಹಾಕಿ. 24 ಗಂಟೆ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ರೆ ಆವಿ. ಹೊರಗಿನದು ಜಾಸ್ತಿ ಇಳಿದಿದ್ರೆ ಎಲ್ಲೋ ಸೋರಿಕೆ.

ಆಗಲೇ ಹಸಿರಾಗಿದ್ರೆ?

ಚೆಲ್ಲಬೇಡಿ. ಮೊದಲು ಎಲೆ, ಕಸ ತೆಗೀರಿ. ಪಿಎಚ್ 7.2 ಹತ್ರ ತನ್ನಿ. ಗೋಡೆ, ತಳ ಪೂರ್ತಿ ಬ್ರಷ್ ಮಾಡಿ, ಯಾಕಂದ್ರೆ ಲೋಳೆ ಪದರದ ಕೆಳಗಿನ ಪಾಚಿಗೆ ಕ್ಲೋರಿನ್ ತಲುಪಲ್ಲ. ಸಂಜೆ ಹೊತ್ತಲ್ಲಿ ಒಂದೇ ಸಲ ಸುಮಾರು 10 ಪಿಪಿಎಂ ಆಗುವಷ್ಟು ಕ್ಲೋರಿನ್ ಹಾಕಿ. 3,600 ಲೀಟರಿಗೆ 65 ಶೇಕಡಾ ಪುಡಿ ಸುಮಾರು 55 ಗ್ರಾಂ. ರಾತ್ರಿಯಿಡೀ ಪಂಪ್ ಓಡಲಿ. ಬೆಳಿಗ್ಗೆ ಹಸಿರು ಹೋಗಿ ಬೂದು ಬಣ್ಣ ಬಂದಿದ್ರೆ ಪಾಚಿ ಸತ್ತಿದೆ ಅಂತ ಅರ್ಥ. ಸತ್ತ ಪಾಚಿಯನ್ನ ಫಿಲ್ಟರ್ ಹಿಡಿಯೋಕೆ ಒಂದೆರಡು ದಿನ ಬೇಕು, ನಡುನಡುವೆ ಫಿಲ್ಟರ್ ತೊಳೀತಿರಿ. ಹಸಿರು ಹಾಗೇ ಇದ್ರೆ ಸಂಜೆ ಇನ್ನೊಂದು ಸಲ. ತಳ ಸ್ಪಷ್ಟವಾಗಿ ಕಾಣಿಸಿ, ಕ್ಲೋರಿನ್ 3 ಪಿಪಿಎಂಗೆ ಇಳಿಯೋವರೆಗೂ ಯಾರೂ ನೀರಿಗಿಳಿಯಬಾರದು. ಹೀಗೆ ಮಾಡಿದಾಗ ನಮ್ಮ ಪೂಲ್ ಮೂರನೇ ದಿನಕ್ಕೆ ತಿಳಿಯಾಯ್ತು, ಹೊಸ ಟ್ಯಾಂಕರ್ ಬರಲಿಲ್ಲ.

ಬೋರ್ ನೀರು ತುಂಬಿಸೋರಿಗೆ ಒಂದು ಎಚ್ಚರಿಕೆ. ಕ್ಲೋರಿನ್ ಹಾಕಿದ ತಕ್ಷಣ ನೀರು ಟೀ ಬಣ್ಣಕ್ಕೆ ತಿರುಗಿದ್ರೆ ಗಾಬರಿ ಬೇಡ. ಅದು ನೀರಲ್ಲಿ ಕರಗಿದ್ದ ಕಬ್ಬಿಣದ ಅಂಶ, ತಳಕ್ಕೆ ಕೂರಿಸಿ, ಫಿಲ್ಟರ್ ಮಾಡಿ ತೆಗೀಬಹುದು. ಗಡಸು ನೀರಾದ್ರೆ ಟೈಲ್ಸ್ ಅಂಚಿಗೆ ಬಿಳಿ ಪದರ ಕಟ್ಟುತ್ತೆ, ಪಿಎಚ್ ಕೂಡ ಮೇಲಕ್ಕೆ ಏರ್ತಿರುತ್ತೆ. ಅದಕ್ಕೇ ಪಿಎಚ್ ಪದೇಪದೇ ನೋಡಬೇಕು.

ಪುಟ್ಟ ಮಕ್ಕಳ ಗಾಳಿ ತುಂಬೋ ಟಬ್, ನೂರಿನ್ನೂರು ಲೀಟರಿನದ್ದು, ಈ ಲೆಕ್ಕಕ್ಕೆ ಬರಲ್ಲ. ಅದಕ್ಕೆ ಫಿಲ್ಟರ್ ಇಲ್ಲ, ಆಟ ಮುಗಿದ ತಕ್ಷಣ ಖಾಲಿ ಮಾಡಿ ಒಣಗಿಸಿ. ಆ ನೀರು ಗಿಡಕ್ಕೆ, ಟಾಯ್ಲೆಟ್‌ಗೆ ಹೋಗಲಿ.

ಯಾರು ಇಳೀಬಾರದು, ಯಾಕೆ

ಸರಿಯಾದ ಕ್ಲೋರಿನ್ ಇದ್ರೆ ಇ-ಕೊಲೈ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತೆ. ಹೆಪಟೈಟಿಸ್ ಎ ವೈರಸ್‌ಗೆ ಸುಮಾರು 16 ನಿಮಿಷ, ಜಿಯಾರ್ಡಿಯಾಗೆ ಸುಮಾರು 45 ನಿಮಿಷ. ಆದ್ರೆ ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಾವಲಂಬಿ 1 ಪಿಪಿಎಂ ಕ್ಲೋರಿನ್‌ನಲ್ಲೂ ಹತ್ತು ದಿನದಷ್ಟು ಬದುಕುತ್ತೆ. ಇವು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಕೊಡೋ ಅಂಕಿಗಳು. ಅದು ಹರಡೋದು ಭೇದಿಯಿಂದ. ಹಾಗಾಗಿ ಹೊಟ್ಟೆ ಕೆಟ್ಟಿರೋರು ಪೂಲಿಗೆ ಇಳೀಲೇಬಾರದು. ಮಗು ಎಷ್ಟೇ ಅತ್ತರೂ ಸರಿ.

ಇನ್ನೊಂದು, ಕೇರಳದ ಸುದ್ದಿ ಓದಿರ್ತೀರಿ. 2024ರ ಮೇಯಿಂದ ಜುಲೈ ನಡುವೆ ಅಲ್ಲಿ ಮೂವರು ಮಕ್ಕಳು ಮೆದುಳಿಗೆ ತಗುಲುವ ಅಮೀಬಾ ಸೋಂಕಿನಿಂದ ತೀರಿಕೊಂಡರು. 2025ರ ನವೆಂಬರ್‌ನಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಶಬರಿಮಲೆಗೆ ಹೋಗೋರಿಗೆ ಎಚ್ಚರಿಕೆಯ ಸಲಹೆ ಕೊಟ್ಟಿತ್ತು. ಈ ಅಮೀಬಾ ಬೆಚ್ಚಗಿನ ಸಿಹಿನೀರಲ್ಲಿರುತ್ತೆ. ಕುಡಿದ್ರೆ ಬರಲ್ಲ, ಒಬ್ಬರಿಂದ ಒಬ್ಬರಿಗೂ ಹರಡಲ್ಲ, ಮೂಗಿನ ಮೂಲಕ ಒಳಗೆ ಹೋಗುತ್ತೆ. ಬಹಳ ಅಪರೂಪ, ಆದ್ರೆ ಬಂದ್ರೆ ಉಳಿಯೋರು ಕಮ್ಮಿ. ಸರಿಯಾಗಿ ಕ್ಲೋರಿನ್ ಇರೋ ಪೂಲಲ್ಲಿ ಅದು ಬದುಕಲ್ಲ. ಹೆದರಿಸೋಕೆ ಹೇಳ್ತಿಲ್ಲ. ನಾವು ಹೆಮ್ಮೆಯಿಂದ "ಏನೂ ಹಾಕಿಲ್ಲ" ಅಂದಿದ್ದ ನೀರಿಗೂ, ಅಳೆದು ನೋಡಿಕೊಂಡ ನೀರಿಗೂ ಇರೋ ವ್ಯತ್ಯಾಸ ಇದೇ.

ರಜೆ ಮುಗಿದ ಮೇಲೆ

ಮಕ್ಕಳು ಊರಿಗೆ ಹೋದ್ರು, ಪೂಲ್ ಹಾಗೇ ಬಿಟ್ರಿ ಅಂದ್ಕೊಳ್ಳಿ. ಜೂನ್ ಮಳೆ ಬಂತು. ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರೇ ಬೇಕು. ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ವಾರ, ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡೋ ನಗರ ಪ್ರದೇಶದ ಮನೆಗಳಿಗೆ 400 ರೂಪಾಯಿ ದಂಡ ಇಟ್ಟಿತು. ಬಳಸಲ್ಲ ಅಂದ್ರೆ ಖಾಲಿ ಮಾಡಿ, ಒಣಗಿಸಿ, ಮಡಚಿ ಇಡಿ.

ಖಾಲಿ ಮಾಡೋದು ಎಲ್ಲಿಗೆ? ಕ್ಲೋರಿನ್ ಹಾಕೋದು ನಿಲ್ಲಿಸಿ ಮೂರ್ನಾಲ್ಕು ದಿನ ಬಿಸಿಲಿಗೆ ಬಿಡಿ. ಟೆಸ್ಟ್ ಕಿಟ್‌ನಲ್ಲಿ ಹಳದಿ ಬಣ್ಣ ಬರದೇ ಇದ್ದಾಗ ಆ ನೀರನ್ನ ನೆಲ ಒರೆಸೋಕೆ, ಟಾಯ್ಲೆಟ್‌ಗೆ, ಬೈಕ್ ತೊಳೆಯೋಕೆ ಬಳಸಿ. ಉಳಿದಿದ್ದು ಯುಜಿಡಿ ಲೈನಿಗೆ ಹೋಗಲಿ, ರಸ್ತೆ ಚರಂಡಿಗೆ ಬೇಡ. ಚರಂಡಿ ನೀರು ಹೋಗೋದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಕ್ಲೋರಿನ್ ಸ್ವಲ್ಪ ಇದ್ರೂ ಮೀನಿಗೆ ವಿಷ. ನಮ್ಮ ಮಲ್ಲತ್ತಹಳ್ಳಿ ಕೆರೆಗೆ ಈಗಾಗಲೇ ಇರೋ ಕಷ್ಟ ಸಾಕು.

ನಾವು ಆ ಮೂರು ವಾರದ ನೀರನ್ನ ಹಾಗೇ ಬಕೆಟ್ ಬಕೆಟ್ ಮೊಗೆದು ಖಾಲಿ ಮಾಡಿದ್ವಿ. ಅಕ್ಕನ ಮಗಳ ಕಿವಿ ಆ ಹೊತ್ತಿಗೆ ವಾಸಿಯಾಗಿತ್ತು. ಹೊರಡೋ ದಿನ ಟೆಸ್ಟ್ ಕಿಟ್ ತನ್ನ ಬ್ಯಾಗಿಗೆ ಹಾಕ್ಕೊಂಡು, "ಮಾಮ, ನಮ್ಮ ಸ್ಕೂಲ್ ಪೂಲ್ ನೀರೂ ಚೆಕ್ ಮಾಡ್ತೀನಿ" ಅಂದ್ಲು. ನಾನು ಬೇಡ ಅನ್ನಲಿಲ್ಲ.

ನಿಮ್ಮ ಅಪಾರ್ಟ್‌ಮೆಂಟ್ ಪೂಲಿನ ಕ್ಲೋರಿನ್, ಪಿಎಚ್ ಅಂಕಿ ಗೋಡೆ ಮೇಲೆ ಬರೆದು ಹಾಕ್ತಾರಾ? ಇಲ್ಲ ಅಂದ್ರೆ ಈ ವಾರ ಹೋಗಿ ಕೇಳಿ, ಏನ್ ಉತ್ತರ ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.